ಹಗ್ಗಕ್ಕೆ ಸೊನ್ನೆ ಅಂಕ

ಅಂಕ ಕೊಡುವ ಚಟ ಒಮ್ಮೆ ಅಂಟಿದರೆ ಸುಲಭಕ್ಕೆ ಬಿಡುವುದಿಲ್ಲ. ನಿವೃತ್ತನಾಗಿ ಇಷ್ಟು ವರ್ಷವಾದರೂ ಹೆಂಡತಿ ಮೀನುಸಾರು ಬಡಿಸಿದ ಕೂಡಲೇ ನನ್ನ ಮನಸ್ಸು ಹುಳಿಗೆಷ್ಟು, ಖಾರಕ್ಕೆಷ್ಟು ಎಂದು ಹಂಚಲು ಶುರುಮಾಡುತ್ತದೆ. ಒಮ್ಮೆ ಬಾಯಿತಪ್ಪಿ "ಹತ್ತರಲ್ಲಿ ಆರೂವರೆ" ಎಂದುಬಿಟ್ಟೆ. ಆಮೇಲೆ ಮೂರು ದಿನ ನಮ್ಮಲ್ಲಿ ಗಂಜಿ, ಉಪ್ಪಿನಕಾಯಿ.

ಈ ಚಟ ಹತ್ತಿದ್ದು ಹೊಸ ಶತಮಾನದ ಮೊದಮೊದಲ ವರ್ಷಗಳಲ್ಲಿ. ಆಗ ನಾನು ಕಾರವಾರದ ಮನೆಯಿಂದ ಅಂಕೋಲೆಯ ತಾಲೂಕು ಕಚೇರಿಗೆ ದಿನವೂ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಪಂಚಾಯತಿಗಳ ಆಡಳಿತ ಎಷ್ಟು ಚೆನ್ನಾಗಿದೆ ಎಂದು ಅಳೆಯಬೇಕೆಂದು ಮೇಲಿನವರಿಗೆ ಅನಿಸಿ, ದಪ್ಪನೆಯ ಒಂದು ನಮೂನೆ ಬಂತು. ಪಾರದರ್ಶಕತೆ, ಸಹಭಾಗಿತ್ವ, ಉತ್ತರದಾಯಿತ್ವ. ಹಳ್ಳಿಯಲ್ಲಿ ಹೇಳುವಾಗ ನಾಲಿಗೆ ತೊದಲಬಾರದೆಂದು ಬಸ್ಸಿನಲ್ಲೇ ಕಣ್ಣುಮುಚ್ಚಿ ಬಾಯಿಪಾಠ ಮಾಡುತ್ತಿದ್ದೆ. ಅರ್ಗಾದಲ್ಲಿ ಹತ್ತಿದ ಮುದುಕರೊಬ್ಬರು ಇದೇನೋ ಸ್ತೋತ್ರವೆಂದು ತಿಳಿದು ಚಪ್ಪಲಿ ಕಳಚಿ ಕುಳಿತರು.

ನನ್ನ ಪಾಲಿಗೆ ಬಂದದ್ದು ಬೇಲೆಕೇರಿಯ ಆಚೆಗಿನ ಒಂದು ಮೀನುಗಾರರ ಊರು. ಅಲ್ಲಿ ಹಳ್ಳದಾಚೆಯ ಕೇರಿಯ ಬಾವಿಗಳು ಬೇಸಿಗೆ ಬಂದರೆ ಉಪ್ಪಾಗುತ್ತಿದ್ದವು. ಪಂಚಾಯತಿ ಪಾಸಾದರೆ ಆ ಕೇರಿಗೆ ನೀರಿನ ಪೈಪು, ಇಲ್ಲವಾದರೆ ಇಲ್ಲ. ನಾನು ಗ್ರಾಮಸಭೆಯ ಪುಸ್ತಕ ಕೇಳಿದೆ. ಕಾರ್ಯದರ್ಶಿ ತೆರೆದು ತೋರಿಸಿದರು. ಸಹಿ ಮಾಡುವ ಜಾಗವೆಲ್ಲ ಖಾಲಿ. "ಜನ ಎಲ್ಲಿ?" ಎಂದರೆ, "ಬಲೆ ಎಳೂಕೆ ಹೋಗಾರೆ ಸಾಹೇಬ್ರೇ. ಅಧ್ಯಕ್ಷರೂ ಅಲ್ಲೇ ಇದ್ದಾರೆ" ಎಂದರು.

ದಡಕ್ಕೆ ಹೋದೆ. ಸಮುದ್ರದಲ್ಲಿ ಹರಡಿದ ರಂಪಣಿ ಬಲೆಯ ಎರಡು ಹಗ್ಗಗಳಿಗೆ ಅರ್ಧ ಊರೇ ಜೋತುಬಿದ್ದಿತ್ತು. ಅಧ್ಯಕ್ಷೆ ಮಾದೇವಿ, ಮೀನು ಮಾರುವ ಹೆಂಗಸು, ಸೀರೆ ಎತ್ತಿಕಟ್ಟಿ ಎಲ್ಲರ ಜೊತೆ ಎಳೆಯುತ್ತಿದ್ದಳು. ಸುಮ್ಮನೆ ನಿಲ್ಲಲು ನಾಚಿಕೆಯಾಗಿ ನಾನೂ ಪ್ಯಾಂಟು ಮಡಚಿ, ನಮೂನೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಗ್ಗ ಹಿಡಿದೆ. ಬಲೆ ದಡಕ್ಕೆ ಬಂತು. ಮೀನಿನ ರಾಶಿ ಪಾಲಾಗುವ ತನಕ ಯಾರೂ ಕದಲುವಂತಿಲ್ಲ. ಊರಿನ ಮಾತೆಲ್ಲ ಬರುವುದು ಆಗಲೇ.

ಹಳ್ಳದಾಚೆಯ ಕೇರಿಯ ಮುದುಕಿಯೊಬ್ಬಳು, "ಮಾದೇವೀ, ನಮ್ಮ ಕೇರಿಗೆ ನೀರ್ ಯಾವಾಗ? ಹೋದ್ ವರ್ಷಾನೇ ಬತ್ತದೆ ಅಂದಿದ್ದೆ ನೀನು" ಎಂದು ಎಲ್ಲರ ಎದುರಿಗೇ ಕೇಳಿದಳು.

"ತಪ್ಪಾಯ್ತು ದೊಡ್ಡವ್ವಾ. ಪೈಪ್ ಬಂದ್ರೆ ಮೊದ್ಲು ನಿಮ್ಮಲ್ಲಿಗೇ. ಯಾರಿಗಾದ್ರೂ ಅಡ್ಡಿ ಇದ್ರೆ ಈಗ್ಲೇ ಹೇಳ್ಬೇಕು" ಎಂದಳು ಮಾದೇವಿ.

"ಅಡ್ಡಿಲ್ಲ" ಎಂದಿತು ಇಡೀ ದಡ.

ಆಮೇಲೆ ಕೆಸುವಿನ ಎಲೆಯಲ್ಲಿ ನನ್ನ ಮುಂದೆಯೂ ನಾಲ್ಕು ಬಂಗಡೆ ಬಂದವು. ಬೇಡವೆಂದರೆ ಮಾದೇವಿ ಬಿಡಲಿಲ್ಲ. "ಹಗ್ಗ ಹಿಡ್ದವ್ರಿಗೆಲ್ಲ ಪಾಲು ಅದೆ. ಬ್ಯಾಡ ಅಂದ್ರೆ ಆಗೂದಿಲ್ಲ." ತಪಾಸಣೆಗೆ ಬಂದವನು ಉಡುಗೊರೆ ಪಡೆದನೇ ಎಂಬ ಪ್ರಶ್ನೆಯೂ ನಮೂನೆಯಲ್ಲಿತ್ತು. ಇದು ಉಡುಗೊರೆಯಲ್ಲ, ಕೂಲಿ ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡೆ. ನಂತರ ಸಹಿ ಕೇಳಿದೆ. ಎಲ್ಲರೂ ಕೈ ಎತ್ತಿ ತೋರಿಸಿದರು, ಎಲ್ಲ ಕೈಗಳಲ್ಲೂ ಮೀನಿನ ಹುರುಪೆ. "ಸರ್ಕಾರದ ಪುಸ್ತಕ ನಾತ ಬತ್ತದೆ. ನೀವೇ ಕಣ್ಣಾರೆ ನೋಡಿದ್ರಲ್ಲ, ಬರ್ಕಳಿ" ಎಂದಳು ಮಾದೇವಿ. ಕಣ್ಣಾರೆ ನೋಡಿದ್ದನ್ನು ಬರೆಯಲು ನಮೂನೆಯಲ್ಲಿ ಜಾಗವಿರಲಿಲ್ಲ. ಸಹಭಾಗಿತ್ವಕ್ಕೆ ಸೊನ್ನೆ ಬರೆದೆ. ಊರು ಮೂರೇ ಅಂಕ ಕಡಿಮೆಯಾಗಿ ನಪಾಸಾಯಿತು. ಬಂಗಡೆ ಮಾತ್ರ ಬಹಳ ರುಚಿಯಾಗಿತ್ತು.

ಆ ಬೇಸಿಗೆಯಲ್ಲಿ ಮಾದೇವಿ ಅಂಕೋಲೆಯ ಮೀನುಪೇಟೆಯಲ್ಲಿ ಸಿಕ್ಕಳು. ಹಳ್ಳದಾಚೆಯ ಹೆಂಗಸರು ಕೊಡ ಹೊತ್ತು ಹಳ್ಳ ದಾಟಿ ಬರುತ್ತಿದ್ದಾರೆಂದು ನನಗೆ ಗೊತ್ತಿತ್ತು. ಬೈದಿದ್ದರೆ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: "ಆ ದಿನದ ಬಂಗಡೆ ರುಚಿ ಇತ್ತಾ ಸಾಹೇಬ್ರೇ?" ನನಗೆ ಅಷ್ಟು ನಾಚಿಕೆ ಮತ್ತೆಂದೂ ಆಗಿಲ್ಲ.

ಮರುವರ್ಷ ಹೋದಾಗ ಪುಸ್ತಕದ ತುಂಬ ಸಹಿ. ಎಲ್ಲವೂ ಒಂದೇ ಕಡೆಗೆ ವಾಲಿದ್ದವು, ಒಂದರಲ್ಲೂ ಮೀನಿನ ವಾಸನೆಯಿರಲಿಲ್ಲ. ಕಾರ್ಯದರ್ಶಿ ನನ್ನ ಮುಖ ನೋಡಲಿಲ್ಲ, ನಾನು ಅವರ ಮುಖ ನೋಡಲಿಲ್ಲ. ಪೂರ್ತಿ ಅಂಕ ಬರೆದೆ. ಪೈಪು ಬಂತು, ಮೊದಲು ಹಳ್ಳದಾಚೆಗೇ ಹೋಯಿತು.

ಈಗ ನಾನು ಕಾರವಾರದ ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಕಾರ್ಯದರ್ಶಿ. ಸಭೆಗೆ ನಲವತ್ತು ಕುರ್ಚಿ ಹಾಕಿಸುತ್ತೇನೆ. ಆ ಖಾಲಿ ಕುರ್ಚಿಗಳ ನಡುವೆ ಕುಳಿತಾಗೆಲ್ಲ ಅಂಗೈಯಲ್ಲಿ ಆ ಒದ್ದೆ ಹಗ್ಗದ ಉರಿ ನೆನಪಾಗುತ್ತದೆ. ಆ ದಡ, ಆ ಗದ್ದಲ ಮತ್ತೊಮ್ಮೆ ಬೇಕೆನಿಸುತ್ತದೆ, ಹೆಂಡತಿಗೂ ಅದನ್ನೇ ಹೇಳುತ್ತಿರುತ್ತೇನೆ. ಮೊನ್ನೆಯೂ ಸಭೆ ಮುಗಿಸಿ ಬಂದು, ಚಹಾ ಕುಡಿದು, ಪುಸ್ತಕ ಹಿಡಿದು ಮತ್ತೆ ಹೊರಟೆ. ಹೆಂಡತಿ ಕೇಳಿದಳು, "ಎಲ್ಲಿಗೆ?"

"ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರ್ತೇನೆ."

"ಸಭೆಗೆ ಯಾರ್ಯಾರು ಬಂದಿದ್ರು?"

"ನಾನು."

"ಮುಂದಿನ ಸಲ ಪುಸ್ತಕ ಬಿಟ್ಟು ಒಂದು ಹಗ್ಗ ತಕಂಡು ಹೋಗಿ" ಎಂದಳು.

ಆದರೂ ನಮ್ಮ ಸಂಘಕ್ಕೆ ನಮೂನೆಯ ಪ್ರಕಾರ ನೂರಕ್ಕೆ ನೂರು ಎಂದು ಸಮರ್ಥಿಸಿಕೊಂಡೆ. ಅಷ್ಟಕ್ಕೇ ಸುಮ್ಮನಿರದೆ, ಚಟ ನೋಡಿ, ನನಗೆಷ್ಟು ಎಂದು ಕೇಳಿದೆ.

"ಹತ್ತರಲ್ಲಿ ಅರ್ಧ ಅಂಕ" ಎಂದಳು. "ಅದೂ ಆ ದಿನ ಹಗ್ಗ ಹಿಡಿದದ್ದಕ್ಕೆ."