ಡಿಸ್ಕಿನ ಡಬ್ಬಿಗೆ ಒಂದು ಹಿಡಿ ಸಕ್ಕರೆ

ಎಪ್ಪತ್ತರ ದಶಕದ ಕೊನೆಯಲ್ಲಿ ಇಂಡಿ ಪಟ್ಟಣದಲ್ಲಿ ವಿಜ್ಞಾನದ ಗೌರವವನ್ನು ಎತ್ತಿಹಿಡಿಯುವ ಹೊಣೆ ನನ್ನೊಬ್ಬನ ಮೇಲಿತ್ತು. ಹೀಗೆಂದು ಯಾರೂ ಹೇಳಿರಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನೇ ಹಾಗೆ ತಿಳಿದುಕೊಂಡಿದ್ದೆ. ಊರಿನಲ್ಲಿ ಯಾರ ರೇಡಿಯೋ ಕೆಟ್ಟರೂ ನನ್ನನ್ನು ಕರೆಯುತ್ತಿದ್ದರು. ನಾನು ಹೋಗಿ, ಅದು ಯಾಕೆ ಕೆಟ್ಟಿದೆ ಎಂದು ವಿವರವಾಗಿ ತಿಳಿಸಿ ಬರುತ್ತಿದ್ದೆ. ರಿಪೇರಿ ಬೇರೆಯವರು ಮಾಡುತ್ತಿದ್ದರು.

ಒಂದು ಬೇಸಿಗೆಯ ಮುಂಜಾನೆ ನನ್ನ ಮನೆಯ ಮುಂದೆ ಒಂದು ಲಾರಿ ನಿಂತಿತು. ಅದರಿಂದ ಇಳಿದವನು ನನ್ನ ಹೆಂಡತಿ ಗಂಗವ್ವನ ತಮ್ಮ ಶಿವಾನಂದ. ಮುದ್ದೇಬಿಹಾಳದವನು, ಎಂಜಿನಿಯರಿಂಗ್ ಮುಗಿಸಿ ಮುಂಬಯಿಯ ಒಂದು ಕಂಪ್ಯೂಟರ್ ಕಂಪನಿ ಸೇರಿದ್ದ. ಗುಲ್ಬರ್ಗದ ಒಂದು ಕಚೇರಿಗೆ ಮಿನಿ ಕಂಪ್ಯೂಟರ್ ಮೊದಲೇ ಹೋಗಿ ಕೂತಿತ್ತು. ಅದರ ನೆನಪನ್ನೆಲ್ಲ ಇಟ್ಟುಕೊಳ್ಳುವ ಡಿಸ್ಕ್ ಯಂತ್ರ ಈ ಲಾರಿಯಲ್ಲಿತ್ತು. ಸೊಲ್ಲಾಪುರದಿಂದ ನೆಟ್ಟಗೆ ಗುಲ್ಬರ್ಗಕ್ಕೆ ಹೋಗಬೇಕಾದ ಲಾರಿಯನ್ನು, ಅಕ್ಕನ ಕೈಯ ರೊಟ್ಟಿ ಉಣ್ಣುವ ಆಸೆಗೆ ಇವನು ಇಂಡಿಗೆ ತಿರುಗಿಸಿದ್ದ. ರೊಟ್ಟಿಯೇನೋ ಸಿಕ್ಕಿತು. ಲಾರಿಯ ಗೇರ್ ಬಾಕ್ಸು ಮಾತ್ರ ನಮ್ಮ ಬಾಗಿಲಲ್ಲೇ ಪ್ರಾಣ ಬಿಟ್ಟಿತು.

"ಮಾಮಾ, ಸೊಲ್ಲಾಪುರಕ್ಕ ಹೋಗಿ ಸಾಮಾನ ತರತೇನಿ. ಅಲ್ಲೀತನ ಮಷೀನು ನಿಮ್ಮ ಮನ್ಯಾಗ ಇರಲಿ," ಎಂದ ಶಿವಾನಂದ. "ನನ್ನ ಒಬ್ಬನ ಕೈಯಾಗ ಕೊಟ್ಟಿದ್ದು ಇದ ಮೊದಲನೇ ಕೆಲಸ. ಸುದ್ದ ಆತಂದ್ರ ನೌಕರಿ ಕಾಯಂ. ಇಲ್ಲಂದ್ರ ಅಪ್ಪನ ಕಿರಾಣಿ ಅಂಗಡ್ಯಾಗ ಕುಂದರಬೇಕಾಗತೈತಿ."

"ನಾ ಅದೀನಲ್ಲ, ಕಾಳಜಿ ಬಿಡು," ಎಂದೆ. ಮುಂದಿನ ಅನಾಹುತಕ್ಕೆಲ್ಲ ಈ ಅಭಯವೇ ಮೂಲ.

ಯಂತ್ರವನ್ನು ಒಳಗೆ ತರುವಷ್ಟರಲ್ಲಿ ಹಮಾಲರ ಬೆನ್ನು ಬಾಗಿಹೋಯಿತು. ಎದೆಯೆತ್ತರದ ಕಬ್ಬಿಣದ ಪೆಟ್ಟಿಗೆ, ಮೇಲೆ ಮುಚ್ಚಳ. ಗಂಗವ್ವ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಮಿನಿ ಅಂದ್ರ, ದೊಡ್ಡದು ಎಲ್ಲಿ ಇಡತಾರೋ ಯಪ್ಪಾ," ಎಂದಳು. ಅದರ ಜೊತೆ ಒಂದು ಬೇರೆ ಡಬ್ಬಿಯೂ ಇತ್ತು. ದುಂಡಗೆ, ಮೇಲೆ ಹಿಡಿಕೆ, ಗಾಜಿನಂಥ ಪ್ಲಾಸ್ಟಿಕ್. ಒಳಗೆ ರೊಟ್ಟಿ ಹಂಚಿನಷ್ಟು ಅಗಲದ ಕಂದು ತಟ್ಟೆಗಳು, ನಡುವೆ ಬೆರಳು ತೂರುವಷ್ಟು ಸಂದು ಬಿಟ್ಟು, ಒಂದರ ಮೇಲೊಂದು ಕೂತಿದ್ದವು. ಅವುಗಳ ಹೊಳಪಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಮುಖದಲ್ಲಿ ನಾನು ಹಿಂದೆಂದೂ ಕಾಣದ ಭಕ್ತಿಯಿತ್ತು.

"ಇವ ಡಿಸ್ಕ್," ಎಂದ ಶಿವಾನಂದ. "ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಕೂ ತಾಲೂಕಿನ ಬಾವಿಗೋಳ ಲೆಕ್ಕ ಇದರಾಗ ಐತಿ. ಯಾವ ಹಳ್ಯಾಗ ಯಾವ ಬಾವಿ, ನೀರು ಎಷ್ಟು ಆಳದಾಗ ಐತಿ, ಎಲ್ಲಾ. ಮುಂಬೈದಾಗ ಭಾಳ ತಿಂಗಳ ಕುಂತು ತುಂಬ್ಯಾರ."

ತಟ್ಟೆಯ ಮೇಲಿನ ಲೆಕ್ಕ ಓದಲು ಯಂತ್ರದೊಳಗೆ ಒಂದು ಕಡ್ಡಿಯಿದೆ, ಅದು ತಟ್ಟೆಯನ್ನು ಮುಟ್ಟುವುದೇ ಇಲ್ಲವಂತೆ. ತಟ್ಟೆ ಗರಗರ ತಿರುಗುವಾಗ ಏಳುವ ಗಾಳಿಯ ಮೇಲೆ, ಕೂದಲೆಳೆಗಿಂತ ಎಷ್ಟೋ ಕಡಿಮೆ ಎತ್ತರದಲ್ಲಿ, ಅದು ತೇಲುತ್ತದಂತೆ. ನಡುವೆ ಬೀಡಿಯ ಹೊಗೆಯ ಕಣವೋ, ಧೂಳೋ, ಕೂದಲೋ ಬಂದರೂ ಅದಕ್ಕೆ ಬಂಡೆಗಲ್ಲು ಅಡ್ಡ ಬಂದಂತೆ. ಕೇಳುತ್ತ ನನ್ನ ಮೈ ಜುಮ್ಮೆಂದಿತು. ಮನುಷ್ಯ ಇಂಥದ್ದನ್ನೂ ಮಾಡಿದನೇ ಎಂದು ಸುಮ್ಮನೆ ನಿಂತೆ. ನಾನು ಸುಮ್ಮನೆ ನಿಂತದ್ದನ್ನು ಗಂಗವ್ವ ಮದುವೆಯಾದ ಮೇಲೆ ಅಂದೇ ಮೊದಲು ನೋಡಿದ್ದು.

ಡಬ್ಬಿಯ ತಳದ ಮುಚ್ಚಳ ಹೇಗೆ ಬಿಚ್ಚುತ್ತದೆ ಎಂದು ಕೇಳಿದೆ. ವಿಜ್ಞಾನದ ದೃಷ್ಟಿಯಿಂದ ಕೇಳಿದ್ದು. ಅವನು ತಳದಲ್ಲಿದ್ದ ಚಿಮಟಿಗೆಯಂಥ ಕೊಕ್ಕೆಯನ್ನು ತೋರಿಸಿ, "ಇದನ್ನ ಒತ್ತಿದ್ರ ಕಳಚತೈತಿ. ಆದರ ಒತ್ತಬ್ಯಾಡ್ರಿ," ಎಂದು ಹೇಳಿ ಬಸ್ಸು ಹತ್ತಿದ.

ಅವನು ಬರುವತನಕ ನನ್ನ ಮನೆ ಮನೆಯಾಗಿ ಉಳಿಯಲಿಲ್ಲ. ಊರೆಲ್ಲ ಬಂತು. ಬಂದವರನ್ನು ಪಡಸಾಲೆಯ ಹೊರಗೇ ನಿಲ್ಲಿಸಿ, ಕೈ ಹಿಂದೆ ಕಟ್ಟಿಕೊಂಡು ಉಪನ್ಯಾಸ ಮಾಡಿದೆ. ಲಿಂಬೆಹಣ್ಣು ಮಾರಲು ಬಂದಿದ್ದ ಅಗರಖೇಡದ ಸಿದ್ರಾಮಪ್ಪನೂ ಬಂದ. ವಯಸ್ಸಾದ ರೈತ, ಚಪ್ಪಲಿ ಕಳಚಿ, ತಲೆಯ ಪಟಕ ಸರಿಮಾಡಿಕೊಂಡು ಡಬ್ಬಿಯನ್ನೇ ನೋಡಿದ.

"ನಮ್ಮ ಹೊಲದ ಬಾವಿನೂ ಐತೇನ್ರಿ ಮಾಸ್ತರ ಇದರಾಗ?"

"ಐತಿ."

"ನೀರ ಸಮೇತ?"

"ನೀರಿನ ಆಳ ಸಮೇತ."

"ನಮ್ಮಜ್ಜ ತೋಡಿದ ಬಾವಿರಿ ಅದು," ಎಂದು ಕೈ ಮುಗಿದ. ಆದರೂ ಅವನು ತಂದಿದ್ದ ಲಿಂಬೆಹಣ್ಣನ್ನು ಯಂತ್ರದ ಮುಂದೆ ಇಡಲು ನಾನು ಬಿಡಲಿಲ್ಲ.

ಯಾಕೆಂದರೆ ನಾನು ಆಜ್ಞೆ ಹೊರಡಿಸಿದ್ದೆ. ವಿಭೂತಿ ಹಚ್ಚಕೂಡದು, ಊದಿನಕಡ್ಡಿ ಹಚ್ಚಕೂಡದು, ಕಾಯಿ ಒಡೆಯಕೂಡದು. ಪಕ್ಕದ ಮನೆಯ ಅವ್ವ ಬೊಗಸೆಯಲ್ಲಿ ಭಂಡಾರದ ಅರಿಶಿನಪುಡಿ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತೆ. ಗಂಗವ್ವ ಒಲೆ ಹೊತ್ತಿಸಲೂ ಬಿಡಲಿಲ್ಲ. ಅವಳು ಹಿತ್ತಲಲ್ಲಿ ಕಲ್ಲು ಹೂಡಿ, ಬಿಸಿಲಲ್ಲಿ ರೊಟ್ಟಿ ಬಡಿಯುತ್ತ, ನನ್ನ ವಿಜ್ಞಾನದ ಬಗ್ಗೆ ಎರಡು ಮಾತಾಡಿದಳು. ಅವು ಅಚ್ಚಿಗೆ ಯೋಗ್ಯವಲ್ಲ.

ಕೊನೆಗೆ ಶಿವಾನಂದ ಬಂದ, ಲಾರಿ ಎದ್ದು ನಿಂತಿತು. ಅವನು ಹೊರಗೆ ಯಂತ್ರವನ್ನು ಹಗ್ಗ ಹಾಕಿ ಕಟ್ಟಿಸುತ್ತಿದ್ದ. ಡಬ್ಬಿಯೊಂದೇ ಪಡಸಾಲೆಯಲ್ಲಿ ಉಳಿದಿತ್ತು. ಅದನ್ನು ಎತ್ತಲು ಹೋದಾಗ ಗಂಗವ್ವ ಸಣ್ಣ ಬಟ್ಟಲಲ್ಲಿ ಶೇಂಗಾ ಚಟ್ನಿಪುಡಿ, ಅಂದರೆ ನಮ್ಮ ಹಿಂಡಿ, ಹಿಡಿದು ನಿಂತಿದ್ದಳು.

"ತಮ್ಮ ತಂದ ಡಬ್ಬಿ. ಖಾಲಿ ಕಳಸೂದೇನ್ರಿ?"

ನಮ್ಮ ಕಡೆ ಯಾರ ಮನೆಯ ಡಬ್ಬಿ ಬಂದರೂ ಬರಿದಾಗಿ ವಾಪಸು ಹೋಗುವುದಿಲ್ಲ. ಒಂದು ಹಿಡಿ ಜೋಳವಾದರೂ ಹಾಕಿ ಕಳಿಸಬೇಕು. ಅದರಲ್ಲೂ ಇದು ತವರಿನವನು ತಂದದ್ದು. ಬರಿ ಡಬ್ಬಿ ಹೋದರೆ ತಮ್ಮನ ಕೆಲಸ ಕೈಗೂಡುವುದೇ? ಇದು ಅವಳ ಪ್ರಶ್ನೆ.

"ಖಾಲಿ ಎಲ್ಲೈತಿ, ಒಳಗ ಡಿಸ್ಕ್ ಐತಲ್ಲ," ಎಂದೆ.

"ತಾಟ ಅದಾವ, ಖರೇ. ತಾಟಿನ್ಯಾಗ ಏನೈತಿ ಹೇಳ್ರಿ?"

ಬಗ್ಗಿ ನೋಡಿದೆ. ನಿಜವಾಗಿಯೂ ಏನೂ ಇರಲಿಲ್ಲ. ವಿಜ್ಞಾನಿಯಾದವನು ಕಣ್ಣಿಗೆ ಕಂಡದ್ದನ್ನು ಒಪ್ಪಬೇಕಾಗುತ್ತದೆ.

ಆದರೂ ನಾನು ಹಿಂಡಿಗೆ ಒಪ್ಪಲಿಲ್ಲ. ಹಿಂಡಿ ಪುಡಿ, ಪುಡಿ ಎಂದರೆ ಧೂಳಿನ ಜಾತಿ. ಸಕ್ಕರೆ ಹಾಗಲ್ಲ. ಸಕ್ಕರೆ ಹರಳು. ಶುದ್ಧ, ಬಿಳಿ, ಒಣಗಿದ್ದು. ಹೊಗೆಯಲ್ಲ, ಧೂಳಲ್ಲ, ಕೂದಲಲ್ಲ. ಶಿವಾನಂದ ಬೇಡವೆಂದ ಯಾವ ವಸ್ತುವಿನ ಸಾಲಿಗೂ ಅದು ಸೇರುವುದಿಲ್ಲ. ಹೀಗೆ ಸಂಪ್ರದಾಯಕ್ಕೂ ವಿಜ್ಞಾನಕ್ಕೂ ರಾಜಿ ಮಾಡಿಸಿ, ತಳದ ಚಿಮಟಿಗೆ ಒತ್ತಿ, ಮುಚ್ಚಳದಲ್ಲಿ ಒಂದು ಹಿಡಿ ಸಕ್ಕರೆ ಹಾಕಿ, ಮತ್ತೆ ಕೂರಿಸಿದೆ. ತಟ್ಟೆಗೆ ಬೆರಳು ಸಹ ತಾಗಿಸಲಿಲ್ಲ. ನನ್ನ ಎಚ್ಚರಿಕೆಗೆ ನಾನೇ ತಲೆದೂಗಿದೆ.

ಯಂತ್ರ ಮೊದಲ ಸಲ ತಿರುಗುವುದನ್ನು ನೋಡಲೆಂದು ನಾವಿಬ್ಬರೂ ಲಾರಿ ಹತ್ತಿದೆವು. ಸಿಂದಗಿಯ ರಸ್ತೆಯಲ್ಲಿ ಲಾರಿ ಎಷ್ಟು ಸಲ ನೆಗೆಯಿತೋ, ನನ್ನ ಸಕ್ಕರೆಯೂ ಅಷ್ಟು ಸಲ ನೆಗೆದಿರಬೇಕು. ಆಗ ಅದು ನನಗೆ ಹೊಳೆಯಲಿಲ್ಲ. ಹೊಳೆಯಬೇಕಾದ ಹೊತ್ತಿನಲ್ಲಿ ನಾನು ದೇವರ ಹಿಪ್ಪರಗಿಯ ಸಂತೆಯಲ್ಲಿ ಎತ್ತು ಚೆಲೋ ಸಿಗುತ್ತವೆ ಎಂದು ಡ್ರೈವರನಿಗೆ ಹೇಳುತ್ತಿದ್ದೆ.

ಗುಲ್ಬರ್ಗದ ಆ ಕೋಣೆ ತಣ್ಣಗಿತ್ತು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಶಿವಾನಂದನ ಮೇಲಧಿಕಾರಿ ಮುಂಬಯಿಯಿಂದ ಬಂದು ಕಾದಿದ್ದರು. ಮೂಲತಃ ಧಾರವಾಡದವರು, ಬಿಗಿದ ಮುಖದ ಸಾಹೇಬರು. ಶಿವಾನಂದ ಯಂತ್ರದ ಮೇಲಿನ ಮುಚ್ಚಳ ಎತ್ತಿದ. ಡಬ್ಬಿ ಹಿಡಿದು ತಳದ ಚಿಮಟಿಗೆ ಒತ್ತಿದ.

ಸರ್ರೆಂದು ಸಕ್ಕರೆ ನೆಲಕ್ಕೆ ಸುರಿಯಿತು. ತಟ್ಟೆಗಳ ಸಂದಿನಿಂದಲೂ ಸುರಿಯಿತು. ಕಂದು ಹೊಳಪಿನ ಮೇಲೆ ಬಿಳಿ ಗೀರುಗಳು ಎದ್ದಿದ್ದವು.

ಶಿವಾನಂದನ ಮುಖ ಬಿಳಿಚಿಕೊಂಡಿತು. ಸಾಹೇಬರು ಬಗ್ಗಿ ಒಂದು ಹರಳನ್ನು ಬೆರಳಿಗೆ ಅಂಟಿಸಿಕೊಂಡು ನಾಲಿಗೆಗೆ ಹಚ್ಚಿ ನೋಡಿದರು.

"ಸಕ್ರಿ," ಎಂದರು. "ಯಾರ ಕೆಲಸ ಇದು?"

ನಾನು ಮುಂದೆ ಬಂದೆ. ಎಲ್ಲವನ್ನೂ ಕ್ರಮವಾಗಿ ವಿವರಿಸಿದೆ. ತವರಿನ ಡಬ್ಬಿಯ ಪದ್ಧತಿ, ಹಿಂಡಿಯ ದೋಷ, ಸಕ್ಕರೆಯ ಗುಣ. "ಖಾಲಿ ಡಬ್ಬಿ ಕಳಸಬಾರದಲ್ರಿ ಸಾಹೇಬರ," ಎಂದು ಮುಗಿಸಿದೆ. ಶಿವಾನಂದ ಕಣ್ಣು ಮುಚ್ಚಿಕೊಂಡ.

ಸಾಹೇಬರು ನನ್ನನ್ನೇ ನೋಡಿದರು. "ಖಾಲಿ ಎಲ್ಲಿತ್ರಿ ಮಾಸ್ತರ? ನಾಕು ತಾಲೂಕಿನ ಬಾವಿ ಇದ್ವಲ್ಲ ಅದರಾಗ."

ಅದನ್ನೇ ಇಡೀ ಇಂಡಿಗೆ ಕಲಿಸಿದವನು ನಾನು. ಲಿಂಬೆಹಣ್ಣಿನ ಸಿದ್ರಾಮಪ್ಪನಿಗೆ ಕಂಡದ್ದು ನನಗೊಬ್ಬನಿಗೆ ಕಂಡಿರಲಿಲ್ಲ.

ಆಗ ಗಂಗವ್ವ ಸೆರಗು ಬಿಗಿದು ಮುಂದೆ ಬಂದಳು. "ಹುಡುಗಂದು ಏನೂ ತಪ್ಪಿಲ್ರಿ. ಹಾಕ್ರಿ ಅಂದಾಕಿ ನಾನು, ಹಾಕಿದವರು ಇವರು. ಅವನ ನೌಕರಿ ಕಳೀಬ್ಯಾಡ್ರಿ."

ಸಾಹೇಬರು ಬೆರಳಿಗಂಟಿದ ಸಕ್ಕರೆ ಒರೆಸಿಕೊಂಡರು. ನಮ್ಮವ್ವನೂ ಹೀಗೇ ಮಾಡುತ್ತಿದ್ದಳು ಎಂದೇನೋ ಗೊಣಗಿದರು. ಕೊನೆಗೆ ತೀರ್ಪು ಹೇಳಿದರು. ಡಿಸ್ಕನ್ನು ಮುಂಬಯಿಗೆ ಒಯ್ದು, ಮತ್ತೊಂದರ ಮೇಲೆ ಬಾವಿಗಳನ್ನೆಲ್ಲ ಮೊದಲಿನಿಂದ ತುಂಬಿಸಬೇಕು. ಶಿವಾನಂದನೇ ಕೂತು ತುಂಬಿಸಬೇಕು. ಅದಾದರೆ ನೌಕರಿ ಕಾಯಂ. ಒಂದು ಷರತ್ತನ್ನೂ ಹಾಕಿದರು. ಹೊಸ ಡಿಸ್ಕು ಇಂಡಿಯ ದಾರಿಯಲ್ಲಿ ಬರಕೂಡದು, ಮಾಸ್ತರರು ಅದರ ಕೋಣೆಯೊಳಗೆ ಬರಕೂಡದು.

ಶಿವಾನಂದ ಮುಂಬಯಿಯಲ್ಲಿ ಕೂತು ಮಳೆಗಾಲವೆಲ್ಲ ಬಾವಿ ತುಂಬಿದ. ಹೊಸ ಡಿಸ್ಕು ಗುಲ್ಬರ್ಗಕ್ಕೆ ಬಂದ ದಿನ ನಾವೂ ಹೋದೆವು. ಗಂಗವ್ವ ಒಳಗೆ ಹೋದಳು. ಸಾಹೇಬರೇ ಅವಳನ್ನು ಮುಂದೆ ನಿಲ್ಲಿಸಿದರಂತೆ. ಬಾಗಿಲು ಮುಚ್ಚಿತು. ನಾನು ಹೊರಗೆ, ಸಾಲಾಗಿ ಬಿಟ್ಟ ಚಪ್ಪಲಿಗಳ ಪಕ್ಕ ಕೂತೆ.

ಸ್ವಲ್ಪ ಹೊತ್ತಿಗೆ ಒಳಗೆ ಒಂದು ಸದ್ದು ಎದ್ದಿತು. ಮೊದಲು ಸಣ್ಣಗೆ, ಆಮೇಲೆ ಏರುತ್ತ ಏರುತ್ತ, ಕೊನೆಗೆ ಒಂದೇ ಸಮ. ನೆಲ ಕೂಡ ತುಸು ಅದುರಿತು. ನಾನು ಎದ್ದು ಬಾಗಿಲಿಗೆ ಕಿವಿಯಿಟ್ಟೆ. ಇಂಡಿಯ, ಸಿಂದಗಿಯ, ಮುದ್ದೇಬಿಹಾಳದ, ಬಾಗೇವಾಡಿಯ ಬಾವಿಗಳೆಲ್ಲ ಆ ಬಾಗಿಲ ಹಿಂದೆ ಒಟ್ಟಿಗೆ ತಿರುಗುತ್ತಿದ್ದವು.

ಗಂಗವ್ವ ಹೊರಗೆ ಬಂದಾಗ ಅವಳ ಕಣ್ಣು ಅರಳಿತ್ತು.

"ಹೆಂಗಿತ್ತು?" ಎಂದೆ.

"ಬೀಸೂಕಲ್ಲಿನಂಗ ತಿರಗತೈತ್ರಿ. ಆದರ ಹಿಟ್ಟು ಬೀಳೂದಿಲ್ಲ." ಇಷ್ಟು ಹೇಳಿ ಅವಳು ತನ್ನ ಚಪ್ಪಲಿ ಮೆಟ್ಟಿಕೊಂಡಳು.

ಇನ್ನಷ್ಟು ಹೇಳು ಎನ್ನುವಷ್ಟರಲ್ಲಿ ಕಚೇರಿಯ ಸಿಪಾಯಿ ಬಂದು ನನ್ನ ಹೆಗಲು ತಟ್ಟಿದ. "ಯಪ್ಪಾ, ಒಳಗಿನ ಸಾಹೇಬರ ಕರೀ ಬೂಟು ಯಾವ? ನೀನ ಅಲ್ಲೇನು ಚಪ್ಪಲಿ ಕಾಯಾಂವ?"

ಹೌದೆಂದು ಹೇಳಿ, ಬೂಟು ಹುಡುಕಿಕೊಟ್ಟೆ.