ಒಂಟಿಗಾಲಿನ ಆಚಾರ್ಯರು

"ಮಾನ್ವಿಯಾಗ ನಿನ್ನ ಅಣ್ಣನ ಮಗಳ ಮದವಿಯೊಳಗ ಮೊದಲನೇ ಪಂಕ್ತಿಗೆ ನೆಲಕ್ಕ ಕೂತು ಹೋಳಿಗಿ ಉಣ್ಣಲಿಲ್ಲಂದ್ರ ನಾ ವಾದಿರಾಜನ ಅಲ್ಲ!" ಎಂದು ರಾಯಚೂರಿನ ವಾದಿರಾಜಾಚಾರ್ಯರು ಗುಡುಗಿದರು.

"ಮೊದಲು ಕೂತ ಮಣಿಮ್ಯಾಲಿಂದ ಏಳ್ರಿ," ಎಂದರು ಹೆಂಡತಿ ಸತ್ಯಭಾಮಾಬಾಯಿ.

ಏಳಲಾಗಲಿಲ್ಲ. ಎಡಟೊಂಕದ ಹೊರಮಗ್ಗಲು ಆ ಪರಿ ಹಿಡಿದಿತ್ತು. ನೆಲಕ್ಕೆ ಕೂಡಲಾಗದಿದ್ದರೆ ಕೊನೆಯ ಟೇಬಲ್ ಪಂಕ್ತಿಯೇ ಗತಿ. ಅಲ್ಲಿಗೆ ಹೋಳಿಗೆ ಬರುವುದರೊಳಗೆ ತುಪ್ಪ ತೀರಿರುತ್ತದೆ.

ಫಿಸಿಯೋಥೆರಪಿಯ ವಿಶಾಖಾ ಒತ್ತಿ ನೋಡಿದಳು. "ಸ್ನಾಯು ಎಲುಬಿಗೆ ಕಟ್ಟಿರೋ ಹುರಿ ನೊಂದದ್ರಿ. ಕಡಿಮಿ ಆಗೋತನ ಚಕ್ಕಳಮಕ್ಕಳ ಹಾಕಬ್ಯಾಡ್ರಿ, ಆ ಮಗ್ಗಲಾ ಮಲಗಬ್ಯಾಡ್ರಿ. ದಿನಾ ಗೋಡಿ ಹಿಡ್ಕೊಂಡು ಒಂದ ಕಾಲಮ್ಯಾಲ ನಿಲ್ರಿ. ಟೊಂಕ ವಾಲಬಾರದು."

ಆಚಾರ್ಯರು ಸ್ನಾನ ಮುಗಿಸಿ, ಮಡಿಯುಟ್ಟು ಮಾಳಿಗೆ ಹತ್ತಿದರು. ಗೋಡೆಯ ತುಂಬ ಮೈಲಿಗೆ ಬಟ್ಟೆ ಒಣಗುತ್ತಿದ್ದವು. ಮಡಿಯಲ್ಲಿ ಮುಟ್ಟುವುದು ಹೇಗೆ? ಗೋಡೆ ಬಿಟ್ಟು, ಎದೆಗೆ ಕೈಜೋಡಿಸಿ, ಸೂರ್ಯನಿಗೆ ಮುಖಮಾಡಿ ಒಂಟಿಗಾಲಲ್ಲಿ ನಿಂತರು. ಬೀಳುವ ಭಯಕ್ಕೆ ಕಣ್ಣು ಅರೆಮುಚ್ಚಿತ್ತು. ತುಟಿ ಎಣಿಕೆ ಹಾಕುತ್ತಿತ್ತು.

ಮರುದಿನ ಎದುರುಮನೆಯ ಮಹಾಂತಮ್ಮ ಬಾಳೆಹಣ್ಣಿನ ಚಿಪ್ಪು ಹಿಡಿದು ಬಂದಳು. "ಯವ್ವಾ, ಆಚಾರ್ರು ತಪಸ್ಸು ಮಾಡಾಕತ್ತಾರಂತಲ್ರಿ?"

ಆಕೆ ಹೋದ ಮೇಲೆ ಸತ್ಯಭಾಮಾಬಾಯಿ ತಿರುಗಿದರು. "ಟೊಂಕದ ಕಸರತ್ತು ಅಂತ ಹೇಳಬಾರದೇನ್ರಿ?"

"ಹೇಳಿದ್ರ ಬಾಳಿಹಣ್ಣು ಬರ್ತಾವೇನ?" ಎನ್ನುತ್ತ ಆಚಾರ್ಯರು ಒಂದನ್ನು ಸುಲಿದರು.

ಸುದ್ದಿ ಬಸ್ಸು ಹತ್ತಿತು. ರಾಯಚೂರಿನಲ್ಲಿ ಅರೆಗಳಿಗೆ ನಿಂತಿದ್ದವರು ದೇವದುರ್ಗ ಮುಟ್ಟುವಷ್ಟರಲ್ಲಿ ಹಗಲಿಡೀ ನಿಂತಿದ್ದರು. ಮಾನ್ವಿ ಮುಟ್ಟುವಷ್ಟರಲ್ಲಿ ಅನ್ನವನ್ನೇ ಬಿಟ್ಟಿದ್ದರು. ಇತ್ತ ಮಾಳಿಗೆಯ ಮೇಲೆ ಬಾಳೆಹಣ್ಣಿನ ರಾಶಿ ಬೆಳೆದು, ಆಚಾರ್ಯರಿಗೆ ನಿಲ್ಲಲು ಒಂದೇ ಕಾಲಿನ ಜಾಗ ಉಳಿದಿತ್ತು.

ಆದರೆ ನೋವು ಸೋತಿತು. ಮದುವೆಯ ಹೊತ್ತಿಗೆ ವಿಶಾಖಾಳೇ "ಇನ್ನ ನೆಲಕ್ಕ ಸ್ವಲ್ಪ ಹೊತ್ತು ಕೂಡಬಹುದ್ರಿ" ಎಂದಿದ್ದಳು.

ಮಾನ್ವಿಯಲ್ಲಿ ಆಚಾರ್ಯರು ಮೊದಲನೇ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಟೊಂಕ ಕಮಕ್ ಕಿಮಕ್ ಎನ್ನಲಿಲ್ಲ. ಗೆದ್ದ ಸರದಾರನಂತೆ ಸುತ್ತ ನೋಡಿದರು. ಹೋಳಿಗೆಯ ಬುಟ್ಟಿ ಬಂತು, ಬಂತು, ಅವರ ಎಲೆ ದಾಟಿ ಮುಂದೆ ಹೋಯಿತು.

ಹೆಣ್ಣಿನ ತಂದೆ, ಸತ್ಯಭಾಮಾಬಾಯಿಯ ಅಣ್ಣ ಗುರುಪ್ರಸನ್ನ ಓಡಿಬಂದು ನಮಸ್ಕಾರ ಹಾಕಿ, ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಇಟ್ಟ. "ತಪಸ್ಸಿನಾಗ ಇದ್ದೋರಿಗೆ ಅನ್ನ ಬಡಿಸಿ ಪಾಪ ಕಟ್ಟಿಕೊಳ್ಳೂದಿಲ್ಲ, ಆಚಾರ್ರ."

ಇಡೀ ಪಂಕ್ತಿ ಕೈಮುಗಿದು ನೋಡುತ್ತಿತ್ತು. ಕಸರತ್ತು ಎನ್ನಲು ಬಾಯಿ ತೆರೆದ ಆಚಾರ್ಯರು ಮುಗಿದ ಕೈಗಳನ್ನು ಕಂಡು ಬಾಳೆಹಣ್ಣನ್ನೇ ಎತ್ತಿಕೊಂಡರು. ಎದುರಿನ ಸಾಲಿನಲ್ಲಿ ತುಪ್ಪದಲ್ಲಿ ತೇಲುವ ಹೋಳಿಗೆ ಮುರಿಯುತ್ತಿದ್ದ ಹೆಂಡತಿಯ ಕಡೆ ಅವರು ದೀನರಾಗಿ ನೋಡಿದರು.

ಸತ್ಯಭಾಮಾಬಾಯಿ ತುತ್ತು ನುಂಗಿ ಹೇಳಿದರು:

"ಅಣ್ಣಾ, ಅವರಿಗೆ ಇನ್ನೊಂದು ಬಾಳಿಹಣ್ಣು ಹಾಕೋ. ಭಾಳ ಸೇರ್ತಾವ."