ಚಕ್ರದ ಮಾತು ಬಲ್ಲ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಮಾತು ಅರ್ಧ ಮಾತ್ರ ಅರ್ಥವಾಗುತ್ತದೆ. ಚಕ್ರಗಳ ಮಾತು ಪೂರ್ತಿ! ನಂಬುವುದಿಲ್ಲವೇ? ಪೀಣ್ಯದ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಬೇರಿಂಗ್ ಉಜ್ಜಿ ನಿವೃತ್ತರಾದವರು ಅವರು. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಮೇಲಿನ ಫ್ಯಾನಿಗೆ ಕಿವಿಗೊಟ್ಟು, "ಪುರೋಹಿತ್ರೇ, ಒಂದ್ ಹೆಜ್ಜೆ ಈ ಕಡೆ ಬನ್ನಿ. ಇದು ಮುಹೂರ್ತದ ತನಕ ತಡಿಯಲ್ಲ" ಎಂದುಬಿಟ್ಟಿದ್ದರು. ಮದುವೆಯ ವಿಡಿಯೋದಲ್ಲಿ ಪುರೋಹಿತರು ಮಂತ್ರಕ್ಕೊಮ್ಮೆ ಮೇಲೆ ನೋಡುತ್ತಾರೆ.

ಇಂಥವರನ್ನು ರಾಷ್ಟ್ರೀಯ ಸ್ಪೀಡ್ ಸ್ಕೇಟಿಂಗ್ ಚಾಂಪಿಯನ್‌ಶಿಪ್‌ಗೆ ಯಾರಾದರೂ ಕರೆದೊಯ್ಯುತ್ತಾರೆಯೇ? ನಾನು ಕರೆದೊಯ್ದೆ! ಸ್ಪರ್ಧೆ ವರ್ತೂರಿನ ಆಚೆಯ ರಿಂಕ್‌ನಲ್ಲಿತ್ತು. ನನ್ನ ಹನ್ನೆರಡು ವರ್ಷದ ಮಗಳು ಮೊದಲ ಬಾರಿಗೆ ಫೈನಲ್ ತಲುಪಿದ್ದಳು. "ತಾತ ಬರ್ದಿದ್ರೆ ನಾನೂ ಬರಲ್ಲ" ಎಂದು ಅವಳ ಹಟ. ಮಾರತ್ತಹಳ್ಳಿಯ ಸಿಗ್ನಲ್ಲಿನಲ್ಲಿ ಚಿಕ್ಕಪ್ಪ ನಮ್ಮ ಕಾರಿನ ಕಿಟಕಿ ಇಳಿಸಿ ಪಕ್ಕದ ಕ್ಯಾಬ್ ಚಾಲಕನನ್ನು ಕೂಗಿದರು: "ಗುರು, ಹಿಂದಿನ ಎಡಗಡೆ ಚಕ್ರ ನೋಡ್ಸು!"

"ನಿಮ್ಗೆಂಗ್ ಗೊತ್ತಾಯ್ತು ಸಾರ್?"

"ಅದೇ ಹೇಳ್ತಾ ಇದೆಯಲ್ಲಪ್ಪ!"

ರಿಂಕ್‌ನ ಕಟಕಟೆಯ ಪಕ್ಕದಲ್ಲೇ ನಮಗೆ ಜಾಗ ಸಿಕ್ಕಿತು. ಮಕ್ಕಳು ಬೆನ್ನು ಬಗ್ಗಿಸಿ ಸುಯ್ಯನೆ ಹಾದುಹೋದಾಗ ನಮ್ಮ ಮುಖಕ್ಕೆ ಗಾಳಿ ಬಡಿಯುತ್ತಿತ್ತು. ಜನ ಕಿರುಚುತ್ತಿದ್ದರು, ಪೀಪಿ ಊದುತ್ತಿದ್ದರು. ಚಿಕ್ಕಪ್ಪ ಮಾತ್ರ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆಯೆಂದುಕೊಂಡು ನಾನು ಅಲುಗಿಸಿದೆ.

"ಸುಮ್ನಿರೇ! ರೇಸ್ ನೋಡ್ತಾ ಇದೀನಿ" ಎಂದು ಗದರಿದರು.

ಫೈನಲ್‌ಗೆ ಮುನ್ನ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳಲು ಸುತ್ತು ಹಾಕುತ್ತಿದ್ದಾಗ ಚಿಕ್ಕಪ್ಪ ಥಟ್ಟನೆ ಎದ್ದರು. ಬೇರೆ ರಾಜ್ಯದ ಹುಡುಗಿಯೊಬ್ಬಳ ಕೋಚ್ ಬಳಿಗೆ ನೇರವಾಗಿ ನಡೆದರು. ಆ ಹುಡುಗಿಯೋ ಎಲ್ಲ ಸುತ್ತುಗಳಲ್ಲೂ ಮೊದಲು ಬಂದವಳು, ನನ್ನ ಮಗಳ ಪಾಲಿನ ಸಿಂಹಸ್ವಪ್ನ!

"ಯೇ ಚಕ್ರ ರೋತಾ ಹೈ!" ಚಕ್ರ ಅಳುತ್ತಿದೆ ಎಂದು ಚಿಕ್ಕಪ್ಪನ ಪೀಣ್ಯದ ಹಿಂದಿ ಮೊಳಗಿತು.

"ಆಪ್ ಕೌನ್?" ನೀವು ಯಾರೆಂದು ಕೋಚ್ ಹುಬ್ಬೇರಿಸಿದರು.

ಚಿಕ್ಕಪ್ಪ ಹೆಮ್ಮೆಯಿಂದ ನನ್ನ ಮಗಳತ್ತ ಕೈ ತೋರಿಸಿದರು. "ಮೈ ಉಸ್ಕಾ ತಾತ!"

ಎದುರಾಳಿಯ ತಾತ ಬಂದು ಸ್ಕೇಟ್ ಬಿಚ್ಚಿಕೊಡು ಎಂದರೆ ಯಾರು ಕೊಡುತ್ತಾರೆ? ಕೋಚ್ ಕೆಂಪಾದರು, ರೆಫರಿ ಓಡಿಬಂದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಆ ಹುಡುಗಿ ಚಿಕ್ಕಪ್ಪನ ಮುಖವನ್ನೇ ಒಂದು ಕ್ಷಣ ನೋಡಿ, ಕೂತು, ಎಡಗಾಲಿನ ಸ್ಕೇಟ್ ಬಿಚ್ಚಿಕೊಟ್ಟಳು. ಚಿಕ್ಕಪ್ಪ ಜೇಬಿನಿಂದ ಸ್ಪ್ಯಾನರ್, ಎಣ್ಣೆಯ ಬಟ್ಟೆ ತೆಗೆದು, ಮುಂದಿನ ಚಕ್ರ ಕಳಚಿ, ಬೇರಿಂಗ್ ಒರೆಸಿ ರೆಫರಿಯ ಅಂಗೈಗೆ ಹಾಕಿದರು. ಒಳಗಿನ ಗುಂಡೊಂದು ಸೀಳಿಹೋಗಿತ್ತು. ಆ ಜಾಗಕ್ಕೆ ನಮ್ಮ ಮಗಳಿಗೆಂದು ಇಟ್ಟಿದ್ದ ಹೊಸ ಬೇರಿಂಗನ್ನೇ ಚಿಕ್ಕಪ್ಪ ಕೂರಿಸಿದರು!

"ಅಮ್ಮಾ, ತಾತ ಯಾರ ಕಡೆ?" ಮಗಳು ಕಟಕಟೆಯ ಬಳಿಗೆ ಬಂದು ಕೇಳಿದಳು.

ನಾನು ಅವಳ ಹೆಲ್ಮೆಟ್ಟಿನ ಪಟ್ಟಿ ಬಿಗಿದೆ.

ಸೀಟಿ ಮೊಳಗಿತು. ಆ ಹುಡುಗಿ ಬಾಣದಂತೆ ಚಿಮ್ಮಿದಳು. ನನ್ನ ಮಗಳು ಐದನೆಯವಳು. ಸಿಟ್ಟೋ ಛಲವೋ, ಕೊನೆಯ ಸುತ್ತಿನ ಗಂಟೆ ಬಾರಿಸುವಷ್ಟರಲ್ಲಿ ಮೂರನೆಯವಳು! ಕೊನೆಯ ತಿರುವಿನಲ್ಲಿ ಒಳಗಿನಿಂದ ನುಗ್ಗಿ ಎರಡನೆಯವಳಾಗಿ ಗೆರೆ ದಾಟಿದಳು. ಮುಂದಿದ್ದ ಹುಡುಗಿಗೂ ಇವಳಿಗೂ ಅಂತರ ಒಂದೇ ಗೇಣು! ನಮ್ಮ ವಂಶದಲ್ಲೇ ಮೊದಲ ರಾಷ್ಟ್ರೀಯ ಪದಕ! ನಾನು ಯಾರನ್ನೋ ತಬ್ಬಿಕೊಂಡು ಕುಣಿದೆ. ನೋಡಿದರೆ ಆ ಕೋಚ್! ಚಿಕ್ಕಪ್ಪ ಎರಡೂ ಕೈ ಎತ್ತಿ ಕೂಗಿದರು: "ಗೆದ್ವು! ಗೆದ್ವು!"

"ಯಾರು ಚಿಕ್ಕಪ್ಪ?"

"ಎಲ್ಲಾ ಬೇರಿಂಗೂ ಕಣೇ! ಒಂದೂ ಅಳಲಿಲ್ಲ!"

ಬೆಳ್ಳಿ ಪದಕ ಹಾಕಿಕೊಂಡು ಬಂದ ಮಗಳು ನಗುತ್ತಲೇ ಕೆಣಕಿದಳು. "ಸುಮ್ನಿದ್ದಿದ್ರೆ ಚಿನ್ನ ಬರ್ತಿತ್ತು ತಾತ."

ಚಿಕ್ಕಪ್ಪ ನಗಲಿಲ್ಲ. "ಒಂದ್ಸಲ ಸುಮ್ನಿದ್ದೆ ಕಣಮ್ಮ" ಎಂದರು. "ಫ್ಯಾಕ್ಟ್ರೀಲಿ ಪಕ್ಕದ ಮೆಷಿನ್ನು, ಒಬ್ಬ ಹುಡುಗ ನಡೆಸ್ತಿದ್ದ. ಬೆಳಿಗ್ಗೆಯಿಂದ ಬೇರಿಂಗ್ ಅಳ್ತಿತ್ತು, ನಂಗೆ ಕೇಳಿಸ್ತಿತ್ತು. ಶಿಫ್ಟ್ ಮುಗೀಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಅಷ್ಟರಲ್ಲಿ ಆ ಹುಡುಗನ ಮೂರು ಬೆರಳು ಹೋಯ್ತು."

ಇಷ್ಟು ವರ್ಷ ನಾವು ಯಾರೂ ಕೇಳದಿದ್ದ ಮಾತು ಅದು. ಮಗಳು ತಿರುಗಿ ರಿಂಕ್‌ನ ಕಡೆಗೆ ಹೋದಳು. ನಾನು ಚಿಕ್ಕಪ್ಪನ ಪಕ್ಕ ಕೂತೆ.

ಸ್ವಲ್ಪ ಹೊತ್ತಿಗೆ ಅವಳು ಮರಳಿದಳು. ಹಿಂದೆ ಆ ಚಿನ್ನದ ಹುಡುಗಿ, ಅವಳ ಹಿಂದೆ ಇನ್ನೂ ಏಳೆಂಟು ಹುಡುಗಿಯರು, ಯಾವ ಯಾವ ರಾಜ್ಯದವರೋ, ಬರಿಗಾಲಲ್ಲಿ, ಎದೆಗೆ ಸ್ಕೇಟ್ ಅವುಚಿಕೊಂಡು ಸಾಲಾಗಿ ನಿಂತಿದ್ದರು.

"ತಾತ, ನಾಳೆ ರಿಲೇ ಇದೆ. ಎಲ್ಲರ ಚಕ್ರಾನೂ ಕೇಳ್ಬಿಡು" ಎಂದಳು ಮಗಳು.

ಚಿಕ್ಕಪ್ಪ ಎಣ್ಣೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು, "ಒಬ್ಬೊಬ್ರಾಗಿ ಬನ್ನಿ" ಎಂದು ಕೈ ಚಾಚಿದರು.